ಒಣಗಿದ್ದಾಗ ನೋಡಿದ ಮಣ್ಣು

ಮೇಲಿನ ಒಂದು ಅಡಿ ಕಪ್ಪು, ಬೇರು ತುಂಬಿದ್ದು, ಹಿಡಿದರೆ ಪುಡಿಯಾಗಿ ಉದುರುವಂಥದ್ದು. ಅದರ ಕೆಳಗೆ ಗೇಣುದ್ದ ಕಂದು. ಕಂದಿನ ಕೆಳಗೆ, ಎಂದು ಮನಸ್ಸು ತನ್ನ ಪಾಡಿಗೆ ಬರೆದುಕೊಳ್ಳುತ್ತಾ ಹೋಗುತ್ತಿದ್ದಾಗ ಅವನು ಥಟ್ಟನೆ ಮುಖ ತಿರುಗಿಸಿ ದೂರದ ಬೇಲಿಯನ್ನು ನೋಡಿದ. ಅಮ್ಮನಿಗೆಂದು ತೋಡುತ್ತಿರುವ ಗುಂಡಿಯನ್ನೂ ಕಚೇರಿಗಾಗಿ ಮಣ್ಣು ಪರೀಕ್ಷಿಸುವ ಗುಂಡಿಯ ಹಾಗೆ ಪದರ ಪದರವಾಗಿ ಓದುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಅಮ್ಮ ಹೋಗಿ ಇನ್ನೂ ಒಂದು ದಿನ ತುಂಬಿರಲಿಲ್ಲ. ನಿನ್ನೆ ಮಧ್ಯಾಹ್ನ ಗಂಜಿ ಕುಡಿದು, ಲೋಟವನ್ನು ತಾನೇ ಕೆಳಗಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದವಳು ಮತ್ತೆ ಈ ಕಡೆ ತಿರುಗಲಿಲ್ಲ. ಮೂರು ವಾರದಿಂದ ಸುರಿಯುತ್ತಿದ್ದ ಮಳೆ ಈ ಬೆಳಗ್ಗೆ ನಿಂತಿತ್ತು. ಬಿಸಿಲು ಬಿದ್ದು ಬಯಲಿನ ಹುಲ್ಲೆಲ್ಲ ಒಣಗಿದಂತೆ ಕಾಣುತ್ತಿತ್ತು. ‘ನೀನೇ ಹೋಗಿ ನೋಡ್ಕೊಂಡು ಬಾರೋ,’ ಎಂದಿದ್ದಳು ಅಕ್ಕ, ‘ಮಣ್ಣಿನ ವಿಷಯ ನಮಗೇನು ತಿಳಿಯುತ್ತೆ. ನಾಲ್ಕು ಗಂಟೆಗೆ ಎಲ್ಲ ಸರಿಯಿದ್ದರೆ ಸಾಕು.’

ಗುಂಡಿಯೊಳಗೆ ಸೊಂಟದಷ್ಟು ಆಳದಲ್ಲಿ ನಿಂತಿದ್ದ ಮುದುಕನನ್ನು ಎಲ್ಲರೂ ಗುಂಡಿಯಜ್ಜ ಎನ್ನುತ್ತಿದ್ದರು. ಅವನ ಸಲಿಕೆ ಈಗ ಬೇರೆ ಸದ್ದು ಮಾಡತೊಡಗಿತ್ತು. ಮೊದಲು ಚರಕ್ ಚರಕ್ ಎನ್ನುತ್ತಿದ್ದದ್ದು ಈಗ ಯಾರೋ ಬಾಯಿ ಚಪ್ಪರಿಸಿದಂತೆ. ಮುದುಕ ಸಲಿಕೆಯನ್ನು ಗೋಡೆಗೆ ಒರಗಿಸಿ, ಮೇಲೆ ಇಟ್ಟಿದ್ದ ಬಕೆಟ್ಟಿಗೆ ಕೈ ಚಾಚಿದ.

‘ಬಂದ್ರು ನೋಡಿ ನೆಂಟರು,’ ಎಂದ. ‘ಹೇಳಿ ಕಳಿಸೋದೇ ಬೇಡ ಇವರಿಗೆ.’

ಅವನು ಬಗ್ಗಿ ನೋಡಿದ. ಮುದುಕನ ಪಾದಗಳ ಸುತ್ತ, ಎಲ್ಲಿಂದಲೂ ಹರಿದು ಬಾರದೆ, ಎಲ್ಲ ಕಡೆಯಿಂದಲೂ ಒಸರಿಕೊಂಡು, ನೀರು.

‘ಅಜ್ಜ, ಇದು ಮಳೆ ನೀರು ಇಳಿದದ್ದಲ್ವಾ?’ ಉತ್ತರ ಗೊತ್ತಿದ್ದೂ ಕೇಳಿದ.

‘ಮಳೆ ಬರದೇ ಇರುವಾಗಲೂ ನೋಡಿದೀನಿ ಸಾರ್. ಬೇಸಿಗೆಯಲ್ಲಿ ಇರಲ್ಲ, ಅದು ನಿಜ. ಬೇಸಿಗೆಯಲ್ಲಿ ಸತ್ತೋರು ಪುಣ್ಯವಂತರು. ವರ್ಷದಲ್ಲಿ ಐದಾರು ತಿಂಗಳು ಹಿಂಗೇ.’ ಬಕೆಟ್ ತುಂಬಿ ಮೇಲೆ ಚೆಲ್ಲಿದ. ‘ನೀವೇನೂ ಹೆದರಬೇಡಿ. ನನ್ನ ಕೆಲಸ ನನಗೆ ಗೊತ್ತು. ನೀವು ಬರೋ ಹೊತ್ತಿಗೆ ಬಳಿದು ಹಾಕಿರ್ತೀನಿ. ತಳಕ್ಕೆ ಮರದ ಹೊಟ್ಟು ಸುರೀತೀನಿ, ಎರಡು ಮೂಟೆ ತಂದಿಟ್ಟಿದೀನಿ. ಮೇಲಿಂದ ನೋಡಿದ್ರೆ ಹಾಸಿಗೆ ಹಾಸಿದ ಹಂಗೆ ಕಾಣುತ್ತೆ. ಇಳಿಸುವಾಗ ಒಂಚೂರು ಸದ್ದು ಬರುತ್ತೆ. ಅದಕ್ಕೇ ನಾನು, ಈಗ ಎಲ್ಲರೂ ಗಟ್ಟಿಯಾಗಿ ಹೇಳ್ಕೊಳ್ಳಿ ಅಂತೀನಿ. ದೇವರ ಹೆಸರು ಹೇಳ್ತಾ ಇರೋರಿಗೆ ನೀರಿನ ಸದ್ದು ಕೇಳಲ್ಲ. ನಾಲ್ಕು ವರ್ಷದಿಂದ ಒಬ್ಬರಿಗೂ ಕೇಳಿಲ್ಲ.’ ಮತ್ತೊಂದು ಬಕೆಟ್ ಎತ್ತಿ, ಏನೋ ನೆನಪಾದವನಂತೆ ನಿಂತ. ‘ಅಮ್ಮ ಎಷ್ಟು ತೂಕ ಇದ್ರು?’

‘ಯಾಕೆ?’

‘ತೀರ ಹಗುರ ಇದ್ರೆ ಮೊದಲೇ ಹೇಳಿ. ಪಕ್ಕದಲ್ಲಿ ಕಲ್ಲು ಇಟ್ಕೊಂಡಿರ್ತೀನಿ. ಪೆಟ್ಟಿಗೆ ನಿಲ್ಲಲ್ಲ, ಎದ್ದು ಬರುತ್ತೆ.’

ಕೊನೆಯ ತಿಂಗಳಲ್ಲಿ ಅವಳನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವಾಗ ಅವನಿಗೆ ಒಂದು ಕೈ ಸಾಕಾಗುತ್ತಿತ್ತು. ಅಮ್ಮ ಅದಕ್ಕೂ ನಗುತ್ತಿದ್ದಳು. ‘ಚಿಕ್ಕೋನೇ, ನಿನ್ನ ಎತ್ತಿ ಎತ್ತಿ ನನ್ನ ಸೊಂಟ ಹೋಯ್ತು, ಈಗ ನಿನ್ನ ಸರದಿ,’ ಎನ್ನುತ್ತಿದ್ದಳು. ಅವಳಿಗೆ ಸಾವಿನ ಭಯವಿರಲಿಲ್ಲ, ಥಂಡಿಯ ಭಯವಿತ್ತು. ಬೇಸಿಗೆಯಲ್ಲೂ ಪಾದ ತಣ್ಣಗಿರುತ್ತಿತ್ತು. ಮುಂಜಾನೆ ಪಾದಗಳೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಕೂತು ಹೇಳಿಕೊಳ್ಳುತ್ತಿದ್ದ ಪದ್ಯ, ಅವನು ಹಾಸಿಗೆಯಲ್ಲೇ ಕಣ್ಣುಮುಚ್ಚಿ ಕೇಳುತ್ತಾ ಕೇಳುತ್ತಾ ಕಲಿಯದೆಯೇ ಕಲಿತುಬಿಟ್ಟ ಪದ್ಯ, ಎಂಟು ಸಾಲಿನದು. ಮೂರನೆಯ ಸಾಲಾದ ಮೇಲೆ ಅವಳು ಯಾವಾಗಲೂ ಉಸಿರಿಗೆ ನಿಲ್ಲುತ್ತಿದ್ದಳು. ಆ ನಿಲುಗಡೆಯೂ ಪದ್ಯದ್ದೇ ಎಂದು ಅವನು ಬಹಳ ವರ್ಷ ತಿಳಿದಿದ್ದ. ನೀ ಹಾಸಿದೆಡೆಯಲ್ಲೆ ಒರಗುವೆನು, ತಂದೆ. ಅದು ನಾಲ್ಕನೆಯ ಸಾಲು.

ಈ ಬಯಲು ಒಂದು ಕಾಲಕ್ಕೆ ಸರೋವರದ ತಳವಾಗಿತ್ತು. ಯಾವ ಅಜ್ಜನ ಅಜ್ಜನೂ ನೋಡಿರದ ಸರೋವರ. ನೀರು ಹೋಯಿತು, ನೀರಿನಲ್ಲಿ ತೇಲುತ್ತಿದ್ದ ನುಣ್ಣನೆಯ ಜೇಡಿ ಮಾತ್ರ ಹಾಳೆಯ ಮೇಲೆ ಹಾಳೆ ಇಟ್ಟಂತೆ ಕೂತುಕೊಂಡಿತು. ಅಂಥ ನೆಲ ಕೆಸರು ಗದ್ದೆಯಲ್ಲ, ಜೌಗೂ ಅಲ್ಲ. ಮೇಲೆ ನಡೆದು ಹೋದವನಿಗೆ ಏನೂ ಗೊತ್ತಾಗುವುದಿಲ್ಲ. ಕಚೇರಿಯ ಪಟ್ಟಿಯಲ್ಲಿ ಅದಕ್ಕೊಂದು ಹೆಸರಿದೆ: ನೀರು ಕೊಂಚ ಕಳಪೆಯಾಗಿ ಬಸಿಯುವ ನೆಲ. ಆ ‘ಕೊಂಚ’ ಎನ್ನುವ ಪದವನ್ನು ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಹಳ ಮೆಚ್ಚಿಕೊಂಡಿದ್ದ. ಪೂರ್ತಿ ಕೆಟ್ಟದ್ದನ್ನು ಯಾರು ಬೇಕಾದರೂ ಗುರುತಿಸಬಹುದು, ಕೊಂಚ ಕೆಟ್ಟದ್ದನ್ನು ಗುರುತಿಸುವುದಕ್ಕೆ ತನ್ನಂಥವನು ಬೇಕು ಎಂದು. ಅರ್ಧ ವರ್ಷ ಒಳ್ಳೆಯದಾಗಿರುತ್ತದೆ, ಇನ್ನರ್ಧ ವರ್ಷ ಒಳಗೊಳಗೇ ನೀರು ಹಿಡಿದಿಟ್ಟುಕೊಂಡು ಯಾರಿಗೂ ಹೇಳುವುದಿಲ್ಲ. ಆದರೆ ನೀರು ನಿಂತಿದ್ದು ಇಳಿದ ಕಡೆ ಮಣ್ಣು ತನ್ನ ಕೆಂಪನ್ನು ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗುತ್ತದೆ, ಬೇರಿನ ಸಂದುಗಳಲ್ಲಿ ತುಕ್ಕಿನ ಚುಕ್ಕೆ ಮೂಡುತ್ತದೆ. ನೀರು ಇಲ್ಲದ ದಿನವೂ ಗುರುತು ಇರುತ್ತದೆ. ಅದನ್ನು ಓದುವುದೇ ಅವನ ಕಸುಬು. ಒಂದೇ ಒಂದು ನಿಯಮ: ಮಣ್ಣಿನ ಹೆಂಟೆಯನ್ನು ಒದ್ದೆ ಮಾಡಿ ನೋಡಬೇಕು. ಒಣಗಿದ ಹೆಂಟೆ ಎಲ್ಲ ಒಂದೇ ಬಣ್ಣ, ಎಲ್ಲ ಒಳ್ಳೆಯ ಮಣ್ಣು.

ಅವನು ಎಲ್ಲ ಗುಂಡಿಯಲ್ಲೂ ಬೂದುಬಣ್ಣ ಕಾಣುತ್ತಾನೆಂದು ಕಚೇರಿಯಲ್ಲಿ ‘ಒದ್ದೆ ಸಾಹೇಬ’ ಎಂದು ಹೆಸರಿಟ್ಟಿದ್ದರು. ‘ಒದ್ದೆ ಸಾಹೇಬರನ್ನ ಅವರದೇ ನಡುಮನೆಗೆ ಕರೆದುಕೊಂಡು ಹೋದರೂ ಇಲ್ಲಿ ನೀರಿದೆ ಅಂತಾರೆ’ ಎಂದು ಅಧಿಕಾರಿ ಒಮ್ಮೆ ಎಲ್ಲರ ಎದುರು ಹೇಳಿ, ಎಲ್ಲರೂ ನಕ್ಕು, ಅವನೂ ನಕ್ಕಿದ್ದ. ನಕ್ಕದ್ದೇ ಇಂದಿಗೂ ಚುಚ್ಚುತ್ತದೆ. ನಾಲ್ಕು ವರ್ಷದ ಹಿಂದೆ, ಹಳೆಯ ಸ್ಮಶಾನ ತುಂಬಿ ಬಾಗಿಲು ಹಾಕಿದ ಮೇಲೆ, ಈ ಬಯಲನ್ನು ನೋಡಲು ಬಂದಾಗ ಕಡು ಬೇಸಿಗೆ. ಬೆಳಗಿನಿಂದ ಏಳು ಗುಂಡಿ ಇಳಿದು ಹತ್ತಿದ್ದ. ಹೆಂಟೆ ಒದ್ದೆ ಮಾಡಲೆಂದೇ ತಂದ ಚಿಕ್ಕ ಬಾಟಲಿಯ ನೀರನ್ನು ಐದನೆಯ ಗುಂಡಿಯಲ್ಲಿ ಬಾಯಾರಿಕೆ ತಾಳಲಾರದೆ ಕುಡಿದುಬಿಟ್ಟಿದ್ದ. ನೀರಿಲ್ಲದಿದ್ದರೆ ಎಂಜಲು ಹಚ್ಚಿ ನೋಡುತ್ತಾರೆ. ಈ ಕೆಲಸದವರೆಲ್ಲ ಹಾಗೇ ಮಾಡುವುದು. ಆದರೆ ಮೇಲೆ, ಗುಂಡಿಯ ಅಂಚಿನಲ್ಲಿ, ಅಧಿಕಾರಿ ಕೊಡೆ ಹಿಡಿದು ನಿಂತಿದ್ದ. ಹಿಂದಿನ ವಾರವಷ್ಟೇ ಅವನು ಹೆಂಟೆಗೆ ಉಗುಳಿದ್ದನ್ನು ಕಂಡು ‘ಥೂ, ಏನ್ರೀ ಇದು, ದನ ಮೂಸಿದ ಹಾಗೆ’ ಎಂದಿದ್ದವನು ಅದೇ ಅಧಿಕಾರಿ. ಅದಕ್ಕೇ ಇವನು ಈ ಸಲ ಉಗುಳಲಿಲ್ಲ. ಏಳನೆಯ ಗುಂಡಿಯ ಹೆಂಟೆಯನ್ನು ಒಣಗಿದ್ದಾಗಲೇ ಮಣ್ಣಿನ ಬಣ್ಣ ಹೋಲಿಸುವ ಪುಸ್ತಕದ ಪಕ್ಕ ಹಿಡಿದು, ಹಾಳೆಯ ಮೇಲೆ ಬರೆದ: ತುಕ್ಕಿನ ಮಚ್ಚೆ ಇಲ್ಲ, ಚೆನ್ನಾಗಿ ಬಸಿಯುತ್ತದೆ. ‘ಭಲೇ, ಒಣ ನೆಲಾನೂ ಇದೆಯಾ ನಿಮ್ಮ ಲೋಕದಲ್ಲಿ?’ ಎಂದು ಮೇಲಿನಿಂದ ಧ್ವನಿ ಬಂತು. ಆ ಮಾತಿಗೆ ತನಗೆ ಖುಷಿಯಾಗಿತ್ತು. ಹೌದು, ಖುಷಿಯಾಗಿತ್ತು.

ಬಾಟಲಿಯ ಕತೆಯನ್ನು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಬಾಯಾರಿಕೆ ಪಾಪವಲ್ಲವಲ್ಲ. ಆದರೆ ಕತೆಯನ್ನು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಾನೆ. ಬರೆಯಲು ಬಗ್ಗಿದಾಗ ಗಲ್ಲದಿಂದ ಒಂದು ಹನಿ ಬೆವರು ಜಾರಿ ಅಂಗೈಯಲ್ಲಿದ್ದ ಹೆಂಟೆಯ ಮೇಲೆ ಬಿತ್ತು. ಹುಣಸೆ ಬೀಜದಷ್ಟು ಜಾಗ ಒದ್ದೆಯಾಯಿತು. ಆ ಬೀಜದಷ್ಟು ಜಾಗದಲ್ಲಿ ಬೂದುಬಣ್ಣ, ಅದರ ನಟ್ಟನಡುವೆ ತುಕ್ಕಿನ ಒಂದು ಚುಕ್ಕೆ, ಯಾರೋ ಕಣ್ಣು ಬಿಟ್ಟು ನೋಡಿದ ಹಾಗೆ. ಅವನು ಹೆಬ್ಬೆರಳಿನಿಂದ ಅದನ್ನು ಉಜ್ಜಿಬಿಟ್ಟ. ಇಷ್ಟೇ. ಒಂದು ಹೆಬ್ಬೆರಳು, ಒಂದು ಸಲ.

‘ಅಜ್ಜ, ಬೇರೆ ಕಡೆ ಒಣಗಿದ ಜಾಗ ಇಲ್ವಾ?’

ಮುದುಕ ಗದ್ದದಿಂದಲೇ ಗೇಟಿನ ಕಡೆ ತೋರಿಸಿದ. ಅಲ್ಲಿ ಹಳೆಯ ಸರೋವರದ ದಡ. ಮರಳಿನ ದಿಬ್ಬ, ಆಳೆತ್ತರ. ‘ಅದರಲ್ಲಿ ಎಷ್ಟು ತೋಡಿದರೂ ಒಂದು ಹನಿ ಕಾಣಲ್ಲ. ಆದ್ರೆ ಬಯಲಲ್ಲಿ ಮಾತ್ರ ಹೂಳಬೇಕು ಅಂತ ಕಾಗದದಲ್ಲಿ ಇದೆಯಂತೆ. ದಿಬ್ಬದಲ್ಲಿ ತೋಡಬೇಕಾದ್ರೆ ಸಾಹೇಬರ ಚೀಟಿ ಬೇಕು. ಯಾರೋ ಮಹಾನುಭಾವ ಬಂದು, ನೋಡಿ, ಇದು ಒಣ ನೆಲ ಅಂತ ಬರೆದುಕೊಟ್ಟು ಹೋದನಂತಲ್ಲ. ಒಂದು ಸಲ ಸಿಗಲಿ ಅಂತಿದೀನಿ. ಬೈಯಲ್ಲ. ಬಕೆಟ್ ಕೈಗೆ ಕೊಡ್ತೀನಿ, ಅಷ್ಟೇ.’

ಒಂದು ಚೀಟಿ. ಗಂಟೆ ಹನ್ನೊಂದಾಗಿತ್ತು. ಕಚೇರಿ ಕಾಲು ಗಂಟೆಯ ದಾರಿ. ಅವನು ಹೆಚ್ಚುಕಡಿಮೆ ಓಡಿದ. ಓಡುತ್ತಾ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ: ಸಾರ್, ನಾನು ಬರೆದದ್ದು ತಪ್ಪು, ಒಣಗಿದ್ದಾಗ ನೋಡಿದೆ. ಐದಾರು ಪದ. ದಾರಿಯುದ್ದಕ್ಕೂ ಅವು ಬಾಯಲ್ಲಿ ಸರಿಯಾಗಿಯೇ ಇದ್ದವು. ಕಚೇರಿಯ ಮೆಟ್ಟಿಲ ಮೇಲೆ ಬೂಟಿಗೆ ಅಂಟಿದ್ದ ಜೇಡಿಯನ್ನು ಕೆರೆಯುತ್ತಾ ನಿಂತಾಗ ಮೊದಲ ಪದ ಕಳಚಿ ಬಿತ್ತು.

ಅಧಿಕಾರಿ ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡ. ನಾಲ್ಕು ವರ್ಷದಲ್ಲಿ ಕೂದಲು ನೆರೆತು ಮನುಷ್ಯ ಮೆತ್ತಗಾಗಿದ್ದ, ಅದೇ ಕಷ್ಟವಾಯಿತು. ಬೈಯುವವನ ಎದುರು ಇಷ್ಟು ಕಷ್ಟವಾಗುತ್ತಿರಲಿಲ್ಲ. ‘ಇವತ್ತು ಯಾಕೆ ಬಂದ್ರಿ? ತಾಯಿಯ ಕೆಲಸ ಬಿಟ್ಟು?’

‘ಸಾರ್, ಆ ದಿಬ್ಬದಲ್ಲಿ ಒಂದು ಜಾಗ. ಅಮ್ಮನಿಗೆ.’

‘ದಿಬ್ಬದಲ್ಲಾ?’ ಅಧಿಕಾರಿ ಕೂತು ಕಾಗದ ಎಳೆದುಕೊಂಡ. ‘ಕೊಡೋಣ. ಅದಕ್ಕೇನಂತೆ. ಕಾರಣ ಏನು ಅಂತ ಬರೀಲಿ?’

ಪೆನ್ನು ಕಾಯುತ್ತಿತ್ತು. ಗೋಡೆಯ ಫ್ಯಾನು ಮೇಜಿನ ಮೇಲಿನ ಕಾಗದಗಳ ಮೂಲೆಗಳನ್ನು ಒಂದೊಂದಾಗಿ ಎತ್ತಿ ನೋಡಿ ಬಿಡುತ್ತಿತ್ತು.

‘ಬಯಲಲ್ಲಿ ನೀರು ಬರುತ್ತೆ ಅಂತ ಬರೆಯಬಹುದು,’ ಎಂದ ಅಧಿಕಾರಿ ತಾನೇ, ತಲೆ ಎತ್ತದೆ. ‘ಯಾರೋ ಒಬ್ಬಿಬ್ಬರು ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಆದರೆ ಹಾಗೆ ಬರೆದರೆ ನಿಮ್ಮ ಆ ಹಾಳೆ ಹೊರಗೆ ತೆಗೀಬೇಕಾಗುತ್ತೆ. ಅಲ್ಲಿ ಮಲಗಿರೋರ ಮನೆಯವರೆಲ್ಲ ಬರ್ತಾರೆ. ಎಷ್ಟು ಜನ ಆಗಿದಾರೆ?’

‘ನಾನೂರ ಹನ್ನೊಂದು.’

‘ಎಣಿಸಿದೀರಾ?’ ಅಧಿಕಾರಿ ಈಗ ತಲೆ ಎತ್ತಿದ. ಆ ನೋಟದಲ್ಲಿ ಗದರಿಕೆ ಇರಲಿಲ್ಲ. ಬಾಗಿಲು ತೆಗೆದು ಹಿಡಿದು, ಬರುವುದಾದರೆ ಬನ್ನಿ ಎಂದು ನಿಂತವರ ನೋಟ ಅದು. ‘ನೀವು ಹೇಳಿ. ನೀವು ಹೇಳಿದ ಹಾಗೆ ಬರೀತೀನಿ. ಮಣ್ಣು ನೋಡಿದವರು ನೀವು.’

‘ಹಾಗೇನಿಲ್ಲ ಸಾರ್,’ ಎಂದ ತನ್ನ ಬಾಯಿ ಅವನಿಗೆ ಕೇಳಿಸಿತು. ‘ಗೇಟಿನ ಹತ್ತಿರ ಆದರೆ ಅಕ್ಕನಿಗೆ ಬಂದು ಹೋಗೋಕೆ ಹತ್ತಿರ ಅಂತ ಕೇಳಿದೆ. ಮಂಡಿ ನೋವು ಅವಳಿಗೆ.’

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. ‘ಅದಕ್ಕೆ ಕೊಡೋಕಾಗಲ್ಲಪ್ಪ. ಎಲ್ಲರಿಗೂ ಮಂಡಿ ನೋವಿದೆ.’ ಆಮೇಲೆ, ಏನಾದರೂ ಕೊಟ್ಟು ಕಳಿಸಲೇಬೇಕು ಎನ್ನುವಂತೆ, ಮೂರು ದಿನದ ರಜೆಯ ಅರ್ಜಿಗೆ ತಾನೇ ಸಹಿ ಹಾಕಿ ಕೈಗಿತ್ತ. ಅವನು ಆ ಕಾಗದವನ್ನು ಜೋಪಾನವಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಬಂದ. ಮೆಟ್ಟಿಲ ಮೇಲೆ ತಾನು ಕೆರೆದು ಬಿಟ್ಟಿದ್ದ ಜೇಡಿ ಆಗಲೇ ಒಣಗಿತ್ತು, ತೆಳ್ಳಗೆ, ಏನೂ ಆಗದವರ ಮುಖದಂತೆ.

ಮನೆಯಲ್ಲಿ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ನಡುಮನೆಯಲ್ಲಿ ಪೆಟ್ಟಿಗೆ ಇಟ್ಟಿದ್ದರು. ಅಕ್ಕ ನೆಲದ ಮೇಲೆ ಕೂತು ಅಮ್ಮನ ಕಾಲಿಗೆ ಉಣ್ಣೆಯ ಕಾಲುಚೀಲ ಹಾಕುತ್ತಿದ್ದಳು. ಪಾದ ಸೆಟೆದುಕೊಂಡಿತ್ತು, ಅವಳು ಮಗುವಿಗೆ ಹಾಕುವ ಹಾಗೆ ಬೆರಳು ಬೆರಳಿಗೂ ಸಮಾಧಾನ ಹೇಳುತ್ತಾ ಎಳೆಯುತ್ತಿದ್ದಳು. ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು: ‘ದೂರದೂರಿನ ಹಳೇ ಜಾಗದಲ್ಲಿ ಅಪ್ಪನ ಪಕ್ಕ ಇಡ್ತೀವಿ ಅಂದ್ರೆ ಬೇಡ ಅಂದ್ಲು. ನನ್ನ ಮಗ ನೋಡಿ ಆರಿಸಿದ ಮಣ್ಣಿದೆ, ಅಲ್ಲೇ ಇಡಿ, ಅಲ್ಲಿ ಥಂಡಿ ಇರಲ್ಲ ಅಂತ. ಬಂದೋರಿಗೆಲ್ಲ ಅದನ್ನೇ ಹೇಳ್ತಿದ್ಲು. ನಿಮಗೂ ಹೇಳಿರಬೇಕು.’

‘ನನಗೆ ಎರಡು ಸಲ,’ ಎಂದಳು ಪಕ್ಕದ ಮನೆಯಾಕೆ.

‘ನನಗೆ ವಾರಕ್ಕೆರಡು ಸಲ,’ ಎಂದ ಬಾಗಿಲಲ್ಲಿ ನಿಂತಿದ್ದ ಭಾವ. ‘ಅಳಿಯ ಕಟ್ಟಿಸಿದ ಮನೆ ಬಗ್ಗೆ ಒಂದು ಮಾತಿಲ್ಲ, ಮಗ ನೋಡಿದ ಗುಂಡಿಗೆ ಇಷ್ಟು ಹೊಗಳಿಕೆ.’ ಯಾರೋ ಸಣ್ಣಗೆ ನಕ್ಕರು, ಅಕ್ಕನೂ ಮೂಗು ಒರೆಸಿಕೊಂಡು ನಕ್ಕಳು. ಆಮೇಲೆ ತಮ್ಮನನ್ನು ಕಂಡಳು.

‘ಬಂದ್ಯಾ. ಎಲ್ಲ ಸರಿಯಿದೆಯೇನೋ? ಒಣಗಿದೆಯಾ?’

ಎಲ್ಲರೂ ಅವನ ಕಡೆ ತಿರುಗಿದರು. ಈಗ ಹೇಳಬಹುದು. ಈಗಲೂ ಹೊತ್ತಿದೆ, ನಾಲ್ಕಕ್ಕೆ ಇನ್ನೂ ಮೂರು ತಾಸಿದೆ; ಅಕ್ಕ ಎದ್ದು ತಾನೇ ಕಚೇರಿಗೆ ಹೋಗಿ ಚೀಟಿ ಬರೆಸಿಕೊಂಡು ಬರುವಂಥವಳು. ಅವನ ಕಣ್ಣು ಕಾಲುಚೀಲದ ಮೇಲಿತ್ತು. ನೀಲಿ ಉಣ್ಣೆ, ಹಿಮ್ಮಡಿಯಲ್ಲಿ ಬೇರೆ ನೀಲಿಯ ರಫು. ದೇವರೇ, ನನ್ನ ಬಾಯಿಂದ ನೀನೇ ಹೇಳಿಸು, ಎಂದುಕೊಂಡ. ಬೇಡುವಾಗಲೂ ಕೆಲಸವನ್ನು ಇನ್ನೊಬ್ಬರ ಮೇಲೆ ಹಾಕುತ್ತಿದ್ದೇನೆ ಎಂಬುದು ಹೊಳೆದು, ಆ ಬೇಡಿಕೆಯೂ ಅಲ್ಲೇ ಒಣಗಿತು.

‘ಹ್ಞೂಂ,’ ಎಂದ.

ನಾಲ್ಕು ಗಂಟೆಗೆ ಆರು ಜನ ಪೆಟ್ಟಿಗೆ ಎತ್ತಿದರು. ಎಡಗಡೆಯ ಮುಂದಿನ ಮೂಲೆ ಅವನದು. ಭಾರವಾಗಬಹುದೆಂದು ಕಾದ; ಆಗಲಿಲ್ಲ. ಹೆಗಲ ಮೇಲೆ ಮರದ ಭಾರವಷ್ಟೇ ಇತ್ತು. ಅಜ್ಜನಿಗೆ ತೂಕ ಹೇಳದೆ ಬಂದೆನಲ್ಲ ಎಂದು ನೆನಪಾಗಿ ಹೆಜ್ಜೆ ತಪ್ಪಿತು. ಹಿಂದಿನಿಂದ ಭಾವ ‘ನಿಧಾನ ಕಣೋ’ ಎಂದ. ದಿಬ್ಬವನ್ನು ದಾಟಿ ಬಯಲಿಗೆ ಇಳಿಯುವಾಗ ಕಾಲಡಿಯಲ್ಲಿ ಮರಳು ಮುಗಿದು ಜೇಡಿ ಶುರುವಾದದ್ದು ಅವನೊಬ್ಬನಿಗೆ ಗೊತ್ತಾಯಿತು. ಹುಲ್ಲು ಅಲ್ಲೂ ಹಸಿರು, ಇಲ್ಲೂ ಹಸಿರು. ಎರಡೂ ಬದಿಗೆ ನಾನೂರ ಹನ್ನೊಂದು ಮಂದಿ, ಸಾಲಾಗಿ, ಒಬ್ಬರೂ ದೂರು ಹೇಳದೆ.

ಗುಂಡಿಯಜ್ಜ ಮೈ ತೊಳೆದು ಅಂಗಿ ಬದಲಿಸಿಕೊಂಡು ಕೈಕಟ್ಟಿ ನಿಂತಿದ್ದ. ತಳದಲ್ಲಿ ಹೊಂಬಣ್ಣದ ಮರದ ಹೊಟ್ಟು, ಸಮವಾಗಿ, ಬೆರಳಲ್ಲಿ ಸವರಿದಂತೆ. ಹೊಸ ಮರದ ವಾಸನೆ ಬರುತ್ತಿತ್ತು. ಅಕ್ಕ ಅಂಚಿಗೆ ಬಂದು ಬಗ್ಗಿ ನೋಡಿದಳು. ‘ಎಷ್ಟು ಚೊಕ್ಕವಾಗಿ ಮಾಡಿದೀರ ಅಜ್ಜ,’ ಎಂದಳು. ಅವಳ ಮುಖದಲ್ಲಿ ನಿನ್ನೆಯಿಂದ ಬಿಗಿದಿದ್ದ ಏನೋ ಸಡಿಲವಾಯಿತು. ಮುದುಕ ತಲೆ ತಗ್ಗಿಸಿದ. ಬಕೆಟ್ಟು ಎಲ್ಲೂ ಕಾಣಲಿಲ್ಲ. ಮಣ್ಣಿನ ರಾಶಿಯ ಹಿಂದೆ ಗೋಣಿಚೀಲ ಮುಚ್ಚಿದ್ದ ನಾಲ್ಕು ಕಲ್ಲು ಅವನಿಗೆ ಮಾತ್ರ ಕಂಡವು. ಮುದುಕ ಯಾರನ್ನೂ ಕೇಳದೆ ಲೆಕ್ಕ ಹಾಕಿಕೊಂಡಿದ್ದ.

ಹಗ್ಗ ಹಾಕಿದರು. ಪೆಟ್ಟಿಗೆ ಗುಂಡಿಯ ಬಾಯಿಯ ಮೇಲೆ ತೂಗಿತು.

‘ಈಗ ಹೇಳಿ,’ ಎಂದ ಮುದುಕ. ‘ಎಲ್ಲರೂ. ಗಟ್ಟಿಯಾಗಿ.’

ಅಮ್ಮನ ಪದ್ಯ ಪೂರ್ತಿ ಬರುತ್ತಿದ್ದದ್ದು ಅವನೊಬ್ಬನಿಗೆ. ಅವನು ಒಂದು ಸಾಲು ಹೇಳಬೇಕು, ಉಳಿದವರು ಅದನ್ನು ಎತ್ತಿ ಹೇಳಬೇಕು ಎಂದು ಅಕ್ಕ ಮನೆಯಲ್ಲೇ ಎಲ್ಲರಿಗೂ ತಿಳಿಸಿದ್ದಳು. ಅವನು ಶುರುಮಾಡಿದ. ಧ್ವನಿ ಬಂದದ್ದು ಅವನಿಗೇ ಆಶ್ಚರ್ಯ. ಮೂವತ್ತು ಜನ ಅವನ ಸಾಲನ್ನು ಎತ್ತಿಕೊಂಡರು, ಬಯಲು ತುಂಬಿತು. ಪೆಟ್ಟಿಗೆ ಒಂದು ಮೊಳ ಇಳಿಯಿತು. ಎರಡನೆಯ ಸಾಲು. ಕಪ್ಪು ದಾಟಿತು, ಕಂದು ದಾಟಿತು. ಮೂರನೆಯ ಸಾಲು; ಎದುರಿಗೆ ಗುಂಡಿಯ ಗೋಡೆಯಲ್ಲಿ, ಸಲಿಕೆ ಹೊಸದಾಗಿ ಕತ್ತರಿಸಿದ ಹಸಿ ಮೈಯಲ್ಲಿ, ಬೂದುಬಣ್ಣ ಅಗಲವಾಗಿ ಹರಡಿಕೊಂಡಿತ್ತು, ಅದರ ತುಂಬ ತುಕ್ಕಿನ ಚುಕ್ಕೆ, ನೂರಾರು. ಜನ ಮೂರನೆಯ ಸಾಲನ್ನು ಹೇಳಿ ಮುಗಿಸಿ ಅವನ ಬಾಯಿ ನೋಡಿದರು. ಮುದುಕನೂ ನೋಡಿದ, ಹಗ್ಗ ಹಿಡಿದವರಿಗೆ ಕಣ್ಣಲ್ಲೇ ‘ಇಳಿಸಿ’ ಎಂದ. ನಾಲ್ಕನೆಯ ಸಾಲಿನ ಮೇಲೆ ಪೆಟ್ಟಿಗೆ ತಳ ಮುಟ್ಟಬೇಕಿತ್ತು.

ಅಮ್ಮ ಉಸಿರಿಗೆ ನಿಲ್ಲುತ್ತಿದ್ದ ಜಾಗ ಅದು. ಅವನು ನಿಂತ. ಉಸಿರು ತೆಗೆದುಕೊಂಡಾಯಿತು. ಹೇಳಬೇಕಾದ ಸಾಲು ನಾಲಿಗೆಯ ತುದಿಯಲ್ಲೇ ಇತ್ತು. ಅವನು ಬಾಯಿ ಮುಚ್ಚಿದ. ಅವನನ್ನು ಬಿಟ್ಟು ಬೇರೆ ಯಾರಿಗೂ ಆ ಸಾಲು ಬರುತ್ತಿರಲಿಲ್ಲ, ಆದ್ದರಿಂದ ಯಾರೂ ಏನೂ ಹೇಳಲಿಲ್ಲ.

ಆ ಮೌನದೊಳಗೆ ಅದು ಕೇಳಿಸಿತು. ದೊಡ್ಡ ಸದ್ದೇನಲ್ಲ. ನೀರು ತುಂಬಿದ ಬಾನಿಯ ಮೇಲೆ ಅಂಗೈ ಇಟ್ಟಂತೆ. ಆಮೇಲೆ ಹಗ್ಗಗಳು ಸಡಿಲವಾದವು, ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿ, ಎರಡು ಬೆರಳಿನಷ್ಟು ಮೇಲೆದ್ದು, ಅಲುಗಾಡುತ್ತಾ ನಿಂತಿತು. ಅದರ ಸುತ್ತ ಹೊಂಬಣ್ಣದ ಹೊಟ್ಟು ಕಪ್ಪಗಾಗುತ್ತಾ ಬಂತು.

‘ಏನೋ ಅದು?’ ಎಂದಳು ಅಕ್ಕ.

‘ಮಳೆ ನೀರು ಕಣಮ್ಮ,’ ಎಂದು ಮುದುಕ ಮುಂದೆ ಬಂದ. ‘ಮೂರು ವಾರ ಹೊಡೀತಲ್ಲ, ಒಂಚೂರು ಇಳಿದಿರುತ್ತೆ. ಏನೂ ಆಗಲ್ಲ. ಹೇಳಿ ಸಾರ್, ನೀವು ಮುಂದಕ್ಕೆ ಹೇಳಿ.’ ಅವನ ಕೈ ಆಗಲೇ ಗೋಣಿಚೀಲದ ಕಡೆ ಹೋಗಿತ್ತು.

ಎಷ್ಟು ಸುಲಭವಾಗಿ ಒಂದು ನೆಪ ಕೊಟ್ಟುಬಿಟ್ಟ ಮುದುಕ. ಕೈ ಚಾಚಿ ತೆಗೆದುಕೊಂಡರಾಯಿತು.

‘ಮಳೆ ನೀರಲ್ಲ ಅಕ್ಕ,’ ಎಂದ. ‘ಇದರ ಗುರುತು ನಾಲ್ಕು ವರ್ಷದ ಹಿಂದೆಯೇ ಇತ್ತು. ನನ್ನ ಕೈಯಲ್ಲಿ ಹಿಡಿದು ನೋಡಿದ್ದೆ. ನೋಡಿಯೂ ಇಲ್ಲ ಅಂತ ಬರೆದೆ.’

ಯಾರೋ ಹಿಂದೆ ಕೆಮ್ಮಿದರು. ಮುದುಕ ಬಗ್ಗಿದ್ದವನು ಹಾಗೇ, ಎರಡೂ ಕೈಯಲ್ಲಿ ಒಂದು ಕಲ್ಲು ಹಿಡಿದು, ಅವನನ್ನೇ ನೋಡುತ್ತಾ ನಿಂತ. ಅಕ್ಕ ಅವನನ್ನು ನೋಡಲಿಲ್ಲ. ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಒಳಗೆ ಮೆಲ್ಲಗೆ ತೂಗುತ್ತಿದ್ದ ಪೆಟ್ಟಿಗೆಯ ಕಾಲಿನ ಕಡೆಯನ್ನೇ ದಿಟ್ಟಿಸುತ್ತಿದ್ದಳು. ಮನೆಯಲ್ಲಿ ಏನೋ ಮರೆತು ಬಂದವಳ ಧ್ವನಿಯಲ್ಲಿ, ಹೇಳಿದಳು:

‘ಕಾಲುಚೀಲ ಹಾಕಿದ್ದೆ ಕಣೋ.’